ಮೊದಲು ಮಾಳಿಗೆಯ ಮಣ್ಣು ಇಳಿಸಿ

ಪ್ರಿಯ ಗೆಳೆಯರೇ,

ನಿಮ್ಮ ಪತ್ರ ತಲುಪಿತು. 2021ರ ಅಕ್ಟೋಬರಿನಲ್ಲಿ ನೆಲದೊಳಗಿನ ಸಪ್ಪಳಕ್ಕೆ ಹೆದರಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದ ಜನ ಊರು ಬಿಟ್ಟದ್ದನ್ನು ನೆನಪಿಸಿ, ಚಿಂಚೋಳಿ ಕಡೆಯ ನಿಮ್ಮ ಹಿರಿಯರ ಮನೆಯ ಬಗ್ಗೆ ಆತಂಕ ತೋಡಿಕೊಂಡಿದ್ದೀರಿ. ಮಳೆಯ ಸುದ್ದಿ ಮೊದಲೇ ಹೇಳುವವರು ಭೂಕಂಪದ ಸುದ್ದಿ ಏಕೆ ಹೇಳುವುದಿಲ್ಲ ಎಂದು ಸಿಟ್ಟೂ ಮಾಡಿದ್ದೀರಿ. ಹೇಳಲು ಬರುವುದಿಲ್ಲ, ಅದಕ್ಕೇ. ಇಂಥ ದಿನ, ಇಂಥ ಊರಲ್ಲಿ ಎಂದು ನುಡಿಯುವ ವಿದ್ಯೆ ಜಪಾನಿನವರ ಬಳಿಯೂ ಇಲ್ಲ. ಅಂಥ ಭವಿಷ್ಯ ವಾಟ್ಸಾಪಿನಲ್ಲಿ ಬಂದರೆ ಅಳಿಸಿಬಿಡಿ.

ಸಣ್ಣ ಕಂಪನಗಳೇ ದೊಡ್ಡದರ ಸೂಚನೆಯಲ್ಲವೇ ಎಂದಿದ್ದೀರಿ. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1992ರಲ್ಲೇ ನೆಲ ಹಲವು ಸಲ ನಡುಗಿತ್ತು. ಮರುವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾದುರಂತವೇ ಆಯಿತು. ಗಡಿಕೇಶ್ವರದಲ್ಲೂ ನಡುಗಿತು, ಅಂಥದ್ದೇನೂ ಆಗಲಿಲ್ಲ. ಯಾವುದು ಯಾವ ದಾರಿ ಹಿಡಿಯುತ್ತದೆಂದು ಮೊದಲೇ ಹೇಳುವವರಿಲ್ಲ.

ಆದರೆ ನೆಲ ಅಲುಗಿದ ಮೇಲೆ ಪತ್ತೆ ಹಚ್ಚುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಗೌರಿಬಿದನೂರಿನ ಬಂಡೆನೆಲದಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲುಗಳಿವೆ. ಅವುಗಳ ಮೊದಲ ಕೆಲಸ ಬೇರೆ ದೇಶಗಳು ಗುಟ್ಟಾಗಿ ನಡೆಸುವ ಅಣುಸ್ಫೋಟಕ್ಕೆ ಕಿವಿಗೊಡುವುದು. ಸ್ಫೋಟ ಬಂಡೆಯನ್ನು ಎಲ್ಲ ದಿಕ್ಕಿಗೂ ಒತ್ತುತ್ತದೆ, ಭೂಕಂಪದಲ್ಲಿ ಬಂಡೆ ಬಂಡೆಯ ಮೇಲೆ ಜಾರುತ್ತದೆ. ಮಾಪಕ ಬರೆಯುವ ಗೆರೆಗಳ ಸ್ವರೂಪದಲ್ಲೇ ವ್ಯತ್ಯಾಸ ಕಾಣುತ್ತದೆ.

ನೆಲ ನಡುಗಿದ್ದು ಎಲ್ಲಿ ಎಂದು ಹುಡುಕುವ ಲೆಕ್ಕಾಚಾರ ಸರಳ. ಮೊದಲು ಬರುವುದು ಪಿ ತರಂಗ, ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗ. ಹಿಂದೆ ಎಸ್ ತರಂಗ, ಸುಮಾರು 3.5 ಕಿ.ಮೀ.; ಗೋಡೆ ಕೆಡಹುವುದು ಹೆಚ್ಚಾಗಿ ಇದರ ಅಡ್ಡ ಅಲುಗಾಟವೇ. ಮಿಂಚಿಗೂ ಗುಡುಗಿಗೂ ನಡುವಿನ ಹೊತ್ತು ಎಣಿಸಿ ಸಿಡಿಲು ಎಷ್ಟು ದೂರ ಎಂದು ಊಹಿಸುತ್ತೇವಲ್ಲ, ಹಾಗೆಯೇ. ಎರಡು ತರಂಗಗಳ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಹೆಚ್ಚುಕಡಿಮೆ ಕಿಲೋಮೀಟರ್ ಸಿಗುತ್ತದೆ. ಕನಿಷ್ಠ ಮೂರು ಕೇಂದ್ರಗಳಿಂದ ಇದೇ ಲೆಕ್ಕ ಹಾಕಿದರೆ ಜಾಗ ಗೊತ್ತಾಗುತ್ತದೆ.

ಜಪಾನಿನಲ್ಲಿ ಸಾರ್ವಜನಿಕರಿಗೆ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ 2007ರಲ್ಲಿ ಬಂದದ್ದು ಇದೇ ಅಂತರವನ್ನು ನಂಬಿ. ಆದರೆ ಅದರ ಮಿತಿ ನೋಡಿ. ಕಿಲ್ಲಾರಿ ಕಲಬುರಗಿಗೆ ನೇರ ಗೆರೆಯಲ್ಲಿ ಸುಮಾರು 85 ಕಿ.ಮೀ. ಅಂಥ ವ್ಯವಸ್ಥೆ ಅಂದು ಇಲ್ಲಿ ಇದ್ದಿದ್ದರೆ ನಿಮ್ಮ ಕಲಬುರಗಿಗೆ ಹತ್ತು-ಹದಿನೈದು ಸೆಕೆಂಡು ಸಿಗುತ್ತಿತ್ತು. ಕಿಲ್ಲಾರಿಯವರಿಗೆ? ಏನೂ ಇಲ್ಲ.

ಅವರನ್ನು ಉಳಿಸಬಹುದಾಗಿದ್ದದ್ದು ಗೋಡೆ. ಗಣಪತಿ ಕಳಿಸಿ ಬಂದು ಮಲಗಿದ್ದ ಜನ, ಬೆಳಗಿನ ಜಾವ 3.56ಕ್ಕೆ ಸತ್ತವರು ಸುಮಾರು 10,000. ಭೂಕಂಪದ ಪ್ರಮಾಣ 6.2 ಮಾತ್ರ. ಆ ಪ್ರದೇಶ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ಕಿತ್ತುಹಾಕಿದರು. ಮನೆಗಳು ನಿಮ್ಮ ಸೀಮೆಯ ಮಾಳಿಗೆ ಮನೆಗಳೇ. ಹೊರಗೊಂದು ಒಳಗೊಂದು ಕಲ್ಲಿನ ಪದರ, ನಡುವೆ ಚೂರುಕಲ್ಲು, ಕೆಸರು. ಎರಡನ್ನೂ ಹಿಡಿದಿಡಲು ಗೋಡೆಯ ಆರಪಾರ ಹಾಯುವ ಉದ್ದಗಲ್ಲೇ ಇಲ್ಲ. ನಡುಗಿದಾಗ ಪದರಗಳು ಉಬ್ಬಿ ಬೇರೆಬೇರೆಯಾಗಿ ಕುಸಿದವು. ಮೇಲೆ ಮಾಳಿಗೆ. ಸೋರಬಾರದೆಂದು ಪ್ರತಿ ಮಳೆಗಾಲಕ್ಕೆ ಮುನ್ನ ಒಂದಿಷ್ಟು ಮಣ್ಣು ಹಾಕುತ್ತ ಹಾಕುತ್ತ ಅಡಿಗಟ್ಟಲೆ ದಪ್ಪವಾದದ್ದು. ಅಷ್ಟೂ ಭಾರ ಮಲಗಿದ್ದವರ ಮೇಲೆ ಬಿತ್ತು. ಕಲ್ಲುಮನೆ ಗಟ್ಟಿ ಎಂಬ ನಮ್ಮ ಹಳೆಯ ನಂಬಿಕೆ ಭೂಕಂಪದ ಮುಂದೆ ನಿಲ್ಲುವುದಿಲ್ಲ. ಭಾರವೇ ಶತ್ರು.

ಹಾಗೆಂದು ಮನೆ ಕೆಡವಬೇಕಿಲ್ಲ. ಹೆಚ್ಚುವರಿ ಮಣ್ಣು ಇಳಿಸಿ, ಸೋರದಂತೆ ತೆಳುವಾದ ಹೊದಿಕೆ ಹಾಕಿಸಿ. ಗೋಡೆಯಲ್ಲಿ ಅಲ್ಲಲ್ಲಿ ತೂತು ಕೊರೆಸಿ ಸರಳು ಇಟ್ಟು ಕಾಂಕ್ರೀಟ್ ತುಂಬಿಸಿದರೆ ಎರಡು ಪದರಕ್ಕೂ ಬೆಸುಗೆ ಬೀಳುತ್ತದೆ. ಹೊಸ ಕೋಣೆ ಕಟ್ಟುವುದಾದರೆ ಬಾಗಿಲ ಲಿಂಟಲ್ ಅನ್ನು ಅಲ್ಲಿಗೇ ನಿಲ್ಲಿಸದೆ ನಾಲ್ಕೂ ಗೋಡೆ ಸುತ್ತಿಬರುವ ಪಟ್ಟಿಯಾಗಿ ಹಾಕಿಸಿ. ಮೇಸ್ತ್ರಿ ಖರ್ಚು ಜಾಸ್ತಿ ಎನ್ನುತ್ತಾನೆ, ಒಪ್ಪಬೇಡಿ.

ಈ ಬೇಸಿಗೆಯಲ್ಲೇ ಒಬ್ಬ ಇಂಜಿನಿಯರಿಗೆ ಮನೆ ತೋರಿಸಿ. ಅಲ್ಲಿಯವರೆಗೆ ಅಮ್ಮನ ಮಂಚವನ್ನು ಮಾಳಿಗೆ ಕೋಣೆಯಿಂದ ಪಡಸಾಲೆಯ ತಗಡಿನ ಕೆಳಗೆ ಹಾಕಿ.

ಇಂತಿ ನಿಮ್ಮ ಗೆಳೆಯ