ಎರಡು ಹಲ್ಲಿನ ವ್ಯತ್ಯಾಸ

ಕಾರಿನ ಹುಚ್ಚು ಇರುವವರಲ್ಲಿ ಎರಡು ಪಂಗಡ. "ಎಂಜಿನ್ ದೊಡ್ಡದು ಹಾಕಿದ್ರೆ ಮುಗೀತು" ಅನ್ನೋರು ಒಂದು ಕಡೆ, "ಎಲ್ಲಾ ಇರೋದು ಗೇರಿನಲ್ಲೇ ಕಣ್ರೀ" ಅನ್ನೋರು ಇನ್ನೊಂದು ಕಡೆ. ನಾನು ಇಷ್ಟು ದಿನ ಎರಡರಲ್ಲೂ ಇರಲಿಲ್ಲ. ಮೆಕ್ಯಾನಿಕಲ್ ಓದಿ, ಕ್ಯಾಂಪಸ್ಸಿಗೆ ಬಂದ ಸಾಫ್ಟ್‌ವೇರ್ ಕಂಪನಿಯ ಹಿಂದೆ ಹೊರಟುಹೋದ ಸಾವಿರಾರು ಜನರಲ್ಲಿ ನಾನೂ ಒಬ್ಬ. ಈ ಆರು ವರ್ಷದಲ್ಲಿ ಯಾರೂ ನನ್ನನ್ನು ಒಂದು ಗೇರಿನ ಬಗ್ಗೆ ಕೇಳಿರಲಿಲ್ಲ. ಕೇಳಿದ್ದೆಲ್ಲಾ "ಬಿಲ್ಡ್ ಯಾಕೆ ಒಡೀತು?" ಅಂತ ಅಷ್ಟೇ...

ಹೋದ ತಿಂಗಳು ಕೊನೆಗೂ ಒಬ್ಬ ಕೇಳಿದ. ಧಾರವಾಡದ ಗೆಳೆಯ, ನನ್ನ ಹಾಗೇ ಕ್ಯಾಲಿಫೋರ್ನಿಯಾಕ್ಕೆ ಬಂದು ಬಿದ್ದವನು. ಅವನ ಹತ್ತಿರ 1995ರ ಮಾಜ್ದಾ ಮಿಯಾಟಾ ಇದೆ. ಬೇರೆ ದೇಶಗಳಲ್ಲಿ ಎಂಎಕ್ಸ್-5 ಅನ್ನುತ್ತಾರಲ್ಲ, ಅದೇ. ಎರಡೇ ಸೀಟು, ಬಟ್ಟೆಯ ಮಾಡು, ಹಿಂದಿನ ಚಕ್ರಕ್ಕೆ ಓಟ. ಶನಿವಾರ ಬಂದರೆ ಸಾಂಟಾ ಕ್ರೂಜ್ ಬೆಟ್ಟದ ತಿರುವುಗಳಲ್ಲಿ ಅದನ್ನು ಓಡಿಸದಿದ್ದರೆ ಅವನಿಗೆ ಊಟ ಸೇರುವುದಿಲ್ಲ. "ಏನಲೇ, ನೀ ಮೆಕ್ಯಾನಿಕಲ್ ಓದಿದಾಂವ ಅಲ್ಲೇನು? ಟರ್ಬೋ ಹಾಕಸ್ಲೋ, ಡಿಫ್ರೆನ್ಶಿಯಲ್ ಬದಲಸ್ಲೋ, ಹೇಳು" ಅಂದ. ಟರ್ಬೋಗೆ ಅವನು ಎತ್ತಿಟ್ಟ ದುಡ್ಡು ಪೂರ್ತಿ ಹೋಗುತ್ತೆ. ಡಿಸೆಂಬರಿನಲ್ಲಿ ತಂಗಿಯ ಮದುವೆ ಬೇರೆ. ಹಾಗಾಗಿ ತಮಾಷೆಯ ಉತ್ತರ ಕೊಡುವ ಹಾಗಿರಲಿಲ್ಲ. ಕಾಗದ ಪೆನ್ನು ಹಿಡಿದು ಕೂತೆ.

ಮೊದಲು ಮಾಜ್ದಾದವರೇ ಮಾಡಿದ ಲೆಕ್ಕ ನೋಡಿ. 1989ರಲ್ಲಿ ಬಂದ ಮೊದಲ ಮಿಯಾಟಾದಲ್ಲಿ 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ಸುಮಾರು 136 ನ್ಯೂಟನ್ ಮೀಟರ್ ಟಾರ್ಕ್. 1994ರ ಮಾದರಿಗೆ 1.8 ಲೀಟರ್ ಎಂಜಿನ್ ಹಾಕಿದರು. 128 ಅಶ್ವಶಕ್ತಿ, ಸುಮಾರು 149 ನ್ಯೂಟನ್ ಮೀಟರ್. ಅಂದರೆ ಟಾರ್ಕ್ ಹೆಚ್ಚುಕಮ್ಮಿ ಶೇ 10 ಏರಿತು. ಆದರೆ ಜೊತೆಗೇ ಡಿಫ್ರೆನ್ಶಿಯಲ್ಲಿನ ಅನುಪಾತವನ್ನು 4.3ರಿಂದ 4.1ಕ್ಕೆ ಇಳಿಸಿದರು. ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 43 ಇದ್ದದ್ದು 41 ಆಯಿತು. ಎರಡೇ ಹಲ್ಲು!

ಈಗ ಗುಣಾಕಾರ. ಮೊದಲನೇ ಗೇರ್ ಎರಡರಲ್ಲೂ 3.136. ಹಳೆಯದು: 136 × 3.136 × 4.3, ಸುಮಾರು 1834. ಹೊಸದು: 149 × 3.136 × 4.1, ಸುಮಾರು 1916. ಎಂಜಿನ್ನಿನಲ್ಲಿ ಶೇ 10 ಇದ್ದ ಲಾಭ ಚಕ್ರಕ್ಕೆ ಬರುವಷ್ಟರಲ್ಲಿ ಶೇ 4.5 ಆಗಿದೆ. ಅದರ ಮೇಲೆ ಹೊಸ ಕಾರಿನ ತೂಕವೂ ಸ್ವಲ್ಪ ಏರಿತ್ತು. ಆ ಎರಡು ಹಲ್ಲು ತಿಂದ ಪಾಲನ್ನು ವಾಪಸ್ ಪಡೆಯೋಣ ಅನ್ನುವುದೇ ಗೆಳೆಯನ ಎರಡನೇ ಯೋಜನೆ. 4.1 ತೆಗೆದು 4.3 ಹಾಕುವುದು. ಮಿಯಾಟಾದವರಲ್ಲಿ ಬಹಳ ಜನ ಮಾಡುವ ಕೆಲಸ ಇದು.

ಹಾಕಿದರೆ ಏನಾಗುತ್ತೆ? ಪ್ರತಿ ಗೇರಿನಲ್ಲೂ ಎಳೆತ ಶೇ 4.9 ಹೆಚ್ಚು. ಪುಕ್ಕಟೆ ಲಾಭ ಅನ್ನಿಸುತ್ತೆ ಅಲ್ವಾ? ಪ್ರಕೃತಿ ಅಷ್ಟು ಉದಾರಿ ಅಲ್ಲ ಸ್ವಾಮಿ. ಎಳೆತ ಹೆಚ್ಚಿದಷ್ಟೂ ಆ ಗೇರು ಬೇಗ ಮುಗಿದುಹೋಗುತ್ತೆ. ಆ ಕಾರಿನ ಟೈರು 185/60, 14 ಇಂಚು. ಎರಡನೇ ಗೇರ್ 1.888. ಎಂಜಿನ್ 7000 ಸುತ್ತು ಮುಟ್ಟುವಾಗ 4.1 ಇದ್ದರೆ ಸುಮಾರು 98 ಕಿ.ಮೀ. ವೇಗ, 4.3 ಇದ್ದರೆ ಸುಮಾರು 94. ಇಲ್ಲೇ ಇರೋದು ಮಜಾ. ಅಮೆರಿಕದವರು ಕಾರಿನ ಚುರುಕುತನ ಅಳೆಯುವುದು ಸೊನ್ನೆಯಿಂದ 60 ಮೈಲಿಗೆ, ಅಂದರೆ 96.5 ಕಿ.ಮೀ.ಗೆ. 4.1ರ ಕಾರು ಎರಡನೇ ಗೇರಿನಲ್ಲೇ ಆ ಗೆರೆ ದಾಟುತ್ತೆ. 4.3ರದ್ದು ಗೆರೆಗೆ ಎರಡೂವರೆ ಕಿ.ಮೀ. ಇರುವಾಗ ಕ್ಲಚ್ ಒತ್ತಿ ಮೂರನೇ ಗೇರಿಗೆ ಹೋಗಬೇಕು. ಹಾಗೆ ಹೋಗುವಷ್ಟು ಹೊತ್ತು ಚಕ್ರಕ್ಕೆ ಎಳೆತವೇ ಇಲ್ಲ! ಎಲ್ಲ ಗೇರಿನಲ್ಲೂ ಜೋರಾಗಿ ಎಳೆಯುವ ಕಾರು ಆ ಒಂದು ಅಂಕಿಯಲ್ಲಿ ಹಿಂದೆ ಬೀಳಬಹುದು.

ಇನ್ನೊಂದು ಸೂಕ್ಷ್ಮ. ಕಾರು ಮುಂದೆ ಹೋಗುವಾಗ ಫ್ಲೈವೀಲಿನಂಥ ತಿರುಗುವ ಭಾಗಗಳನ್ನೂ ವೇಗಕ್ಕೆ ತರಬೇಕಲ್ಲ, ಆ ಹೊರೆ ಅನುಪಾತದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತೆ. ಎಳೆತ ಶೇ 4.9 ಏರಿದರೆ ಈ ಹೊರೆ ಶೇ 10 ಏರುತ್ತೆ. ಹಾಗಾಗಿ ಮೊದಲನೇ ಗೇರಿನಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಪೂರ್ತಿ ರಸ್ತೆಗೆ ಸಿಗಲ್ಲ.

ಮೂಲ ಸಂಗತಿ ಇಷ್ಟೇ. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಹಂಚುತ್ತದೆ. ಯಾವುದೇ ಒಂದು ವೇಗದಲ್ಲಿ ಕಾರನ್ನು ಎಷ್ಟು ಜೋರಾಗಿ ನೂಕಬಹುದು ಅನ್ನುವುದನ್ನು ತೀರ್ಮಾನ ಮಾಡುವುದು ಆ ಗಳಿಗೆಯಲ್ಲಿ ಎಂಜಿನ್ ಕೊಡುತ್ತಿರುವ ಅಶ್ವಶಕ್ತಿ. ಆ ಗಳಿಗೆಯಲ್ಲಿ ಎಂಜಿನ್ ತನ್ನ ಒಳ್ಳೆಯ ಜಾಗದಲ್ಲಿ ಇರುವ ಹಾಗೆ ನೋಡಿಕೊಳ್ಳುವುದು ಗೇರಿನ ಕೆಲಸ. ಎಂಜಿನ್ ಬದಲಾವಣೆ ಎಂದರೆ ಬರೀ ಟಾರ್ಕ್ ಏರಿಸುವುದೂ ಅಲ್ಲ. 2019ರ ಎಂಎಕ್ಸ್-5ರ 2 ಲೀಟರ್ ಎಂಜಿನ್ ನೋಡಿ. ಟಾರ್ಕ್ ಏರಿದ್ದು ಶೇ 2ರಷ್ಟು ಮಾತ್ರ. ಆದರೆ ಸುತ್ತಿನ ಮಿತಿ 6800ರಿಂದ 7500ಕ್ಕೆ ಹೋಯಿತು, ಅಮೆರಿಕದ ಮಾದರಿಯಲ್ಲಿ ಶಕ್ತಿ 155ರಿಂದ 181 ಅಶ್ವಶಕ್ತಿಗೆ ಏರಿತು. ಹೆಚ್ಚು ಎಳೆತದ ಕೆಳಗಿನ ಗೇರನ್ನೇ ಇನ್ನಷ್ಟು ಹೊತ್ತು ಹಿಡಿದುಕೊಂಡಿರಬಹುದು. ಗೆಳೆಯನ ಡಿಫ್ರೆನ್ಶಿಯಲ್ ಕಿತ್ತುಕೊಳ್ಳುವುದನ್ನು ಇಂಥ ಎಂಜಿನ್ ಮರಳಿ ಕೊಡುತ್ತದೆ.

ಹಾಗಾದರೆ ಅವನಿಗೆ ಏನು ಹೇಳಿದೆ? ಇದ್ದದ್ದು ಇದ್ದ ಹಾಗೇ ಹೇಳಿದೆ. "ಆಫೀಸಲ್ಲಿ ಸೊನ್ನೆಯಿಂದ ಅರವತ್ತರ ಅಂಕಿ ಹೇಳಿ ಮೆರೆಯೋ ಆಸೆ ಇದ್ರೆ ಟರ್ಬೋನೇ ಗತಿ. 4.3 ಹಾಕಿದ್ರೆ ಆ ಅಂಕಿ ಸುಧಾರಿಸುತ್ತೆ ಅಂತ ನಾನು ಮಾತು ಕೊಡಲ್ಲ. ಹೈವೇನಲ್ಲಿ ಗಂಟೆಗೆ ನೂರು ಕಿ.ಮೀ. ಹೋಗುವಾಗ ಎಂಜಿನ್ 150 ಸುತ್ತು ಜಾಸ್ತಿ ಕೂಗುತ್ತೆ, ಪೆಟ್ರೋಲೂ ಸ್ವಲ್ಪ ಜಾಸ್ತಿ ಕುಡಿಯುತ್ತೆ. ಆದ್ರೆ ನೀನು ಓಡಿಸೋದು ಬೆಟ್ಟದಲ್ಲಿ. ತಿರುವಿನಿಂದ ಹೊರಗೆ ಬರೋವಾಗ, ಅದೇ ಗೇರಿನಲ್ಲಿ ಇದ್ದುಕೊಂಡೇ ಕಾಲು ಒತ್ತಿದ್ರೆ ಕಾರು ತಟ್ಟನೆ ಎಳೀಬೇಕು ಅನ್ನೋದು ತಾನೇ ನಿನ್ನ ಆಸೆ? ಅದಕ್ಕೆ ಎರಡು ಹಲ್ಲು ಸಾಕು. ಮಿಕ್ಕ ದುಡ್ಡು ತಂಗಿ ಮದುವೆಗೆ."

ಅವನು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಗ್ಯಾರೇಜಿನಿಂದಲೇ ಫೋನು. ಗುಜರಿಯ 1999ರ ಮಿಯಾಟಾದಿಂದ ತೆಗೆದ 4.3 ಸಿಕ್ಕಿತ್ತು. ಹಾಕಿಸಿಕೊಂಡು ಬೆಟ್ಟ ಹತ್ತಿ ಬಂದವನು "ಮಸ್ತ್ ಐತಿ, ಸ್ಪೀಡೂ ಜಾಸ್ತಿ ಆಗೇತಿ ನೋಡು" ಅಂದ. ಆ ಕಾರಿನ ಸ್ಪೀಡೋಮೀಟರಿಗೆ ಸುದ್ದಿ ಹೋಗುವುದು ಗೇರ್‌ಬಾಕ್ಸಿನಿಂದ. ಹಿಂದೆ ಡಿಫ್ರೆನ್ಶಿಯಲ್ ಬದಲಾಗಿದ್ದು ಅದಕ್ಕೆ ಗೊತ್ತೇ ಆಗಲ್ಲ. ನೂರು ಇದ್ದರೆ ನೂರೈದು ತೋರಿಸುತ್ತೆ. ಹೇಳೋದೋ ಬೇಡವೋ ಅಂತ ಒಂದು ನಿಮಿಷ ಯೋಚಿಸಿ, ಹೇಳಿಬಿಟ್ಟೆ. ಬೈದ :-)

ಇದನ್ನೆಲ್ಲಾ ಭಾನುವಾರ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಮೂವತ್ತು ವರ್ಷ ಬಸ್ ಓಡಿಸಿದವರು, ಚಾರ್ಮಾಡಿ ಘಾಟಿಯ ತಿರುವು ಒಂದೊಂದೂ ಅವರಿಗೆ ಬಾಯಿಪಾಠ. ನಾನು ಸಾಫ್ಟ್‌ವೇರಿನಲ್ಲಿ ಏನು ಮಾಡುತ್ತೇನೆ ಅಂತ ಅವರಿಗೆ ಅರ್ಥವಾಗುವ ಹಾಗೆ ಹೇಳಲು ನನಗೆ ಇವತ್ತಿಗೂ ಆಗಿಲ್ಲ. ಆ ದಿನ ಮಾತ್ರ ನಲವತ್ತು ನಿಮಿಷ ಮಾತಾಡಿದೆವು. ಕ್ರೌನಿಗೆ ಎಷ್ಟು ಹಲ್ಲು ಅಂತ ಅವರೇ ಎರಡು ಸಲ ಕೇಳಿದರು. ಕೊನೆಗೆ, "ಸರಿಯಾಗೇ ಹೇಳಿದ್ದೀಯ ಮಗಾ" ಅಂದರು.

ನಾಲ್ಕು ವರ್ಷದ ಎಂಜಿನಿಯರಿಂಗ್ ಫೀಸು ಅವತ್ತು ವಸೂಲಾಯಿತು ಅನ್ನಿಸಿತು. ನಿಮ್ಮಲ್ಲೂ ಮೆಕ್ಯಾನಿಕಲ್ಲೋ ಸಿವಿಲ್ಲೋ ಓದಿ ಕೀಬೋರ್ಡ್ ಕುಟ್ಟುತ್ತಿರುವವರು ಇದ್ದೀರಿ ಅಂತ ಗೊತ್ತು. ಓದಿದ್ದನ್ನು ಯಾರಾದರೂ ಕೊನೆಯ ಸಲ ಕೇಳಿದ್ದು ಯಾವಾಗ, ಹೇಳಿ ನೋಡೋಣ?