ತುಲಾ ತಿಂಗಳಲ್ಲಿ ಓದಿದ ಭಯದ ಪುಸ್ತಕ

ನಮ್ಮ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಯಾರಾದರೊಬ್ಬರು ತಾವು ಓದಿದ ಪುಸ್ತಕದ ಬಗ್ಗೆ ಮಾತಾಡಬೇಕು ಅಂತ ಒಂದು ಕ್ರಮ ಉಂಟು. ಹೋದ ತುಲಾ ತಿಂಗಳಲ್ಲಿ ನನ್ನ ಸರದಿ ಬಂತು. ಸಾಮಾನ್ಯವಾಗಿ ಕಾರಂತರು, ಕಯ್ಯಾರರು, ಹೆಚ್ಚೆಂದರೆ ಮಲಯಾಳದಿಂದ ಬಂದ ಬಷೀರರು, ಇಷ್ಟರೊಳಗೇ ನಮ್ಮ ಮಾತು. ನಾನು ಈ ಸಲ ಅಮೆರಿಕದ ಒಂದು ಭಯದ ಕಾದಂಬರಿ ಹಿಡಿದುಕೊಂಡು ಹೋದೆ. ಪುಸ್ತಕ ನನ್ನದಲ್ಲ, ಮಗನದ್ದು. ಅವನಿಗೆ ಹದಿನಾಲ್ಕು ವರ್ಷ, ಇಂಗ್ಲಿಷ್ ಮಾಧ್ಯಮ. ಕನ್ನಡ ಓದುವುದೆಂದರೆ ಅಕ್ಷರಕ್ಕೊಮ್ಮೆ ಎಡವುತ್ತಾನೆ. ಅವನು ರಾತ್ರಿ ಹನ್ನೆರಡರವರೆಗೆ ಹೊದಿಕೆಯೊಳಗೆ ಟಾರ್ಚ್ ಹಾಕಿ ಓದುವಂಥದ್ದು ಏನಪ್ಪಾ ಇದು ಅಂತ ಕುತೂಹಲಕ್ಕೆ ತೆಗೆದದ್ದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ವಾರ ಓದಿದೆ.

ಪುಸ್ತಕದ ಹೆಸರು ‘ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್’. ಬರೆದವರು ರೇ ಬ್ರಾಡ್‌ಬರಿ, ಅಚ್ಚಾದದ್ದು 1962ರಲ್ಲಿ. ಹೆಸರು ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದ ಮಾಟಗಾತಿಯ ಬಾಯಿಂದ ಬಂದದ್ದು. ಕಾಲೇಜಿಗೆ ಹೋಗದ ಬ್ರಾಡ್‌ಬರಿ ಸಾರ್ವಜನಿಕ ಗ್ರಂಥಾಲಯಗಳಲ್ಲೇ ಕೂತು ಓದಿ ಬೆಳೆದವರು. ಇದನ್ನು ಹೇಳಿದಾಗ ನಮ್ಮ ಕಾರ್ಯದರ್ಶಿಯವರ ಮುಖ ಅರಳಿತು. ಅದಕ್ಕೆ ಮೊದಲು ಅವರು, “ಕನ್ನಡ ವಾಚನಾಲಯದಲ್ಲಿ ಇಂಗ್ಲಿಷ್ ಭೂತ ಎಂತಕ್ಕೆ ಮಾರಾಯ್ರೆ?” ಅಂತ ಗೊಣಗಿದ್ದರು.

ಕತೆ ನಡೆಯುವುದು ಹ್ಯಾಲೋವೀನ್ ಹಬ್ಬಕ್ಕೆ ಒಂದು ವಾರ ಇರುವಾಗ. ಅಕ್ಟೋಬರ್ 31ರ ರಾತ್ರಿ ಅಲ್ಲಿ ಮಕ್ಕಳು ಭೂತಪ್ರೇತಗಳ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ, ಕುಂಬಳ ಕೊರೆದು ಒಳಗೆ ದೀಪ ಇಡುತ್ತಾರೆ. ಅದಾಗಿ ಎರಡನೇ ದಿನ, ನವೆಂಬರ್ 2ಕ್ಕೆ, ಸತ್ತವರ ದಿನ. ನಮ್ಮ ಕಡೆಯ ಕ್ರಿಶ್ಚಿಯನ್ ನೆರೆಯವರು ಅವತ್ತು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವುದನ್ನು ನಾವೆಲ್ಲ ನೋಡಿದವರೇ. ನಮ್ಮ ತೆಂಕು ಬದಿಗೆ ತೆಯ್ಯಂ ಶುರುವಾಗುವುದೂ ತುಲಾ ಹತ್ತಕ್ಕೆ, ಅದೇ ವಾರ.

ಕತೆಯ ಆರಂಭದಲ್ಲೇ ಸಿಡಿಲು ತಡೆಯುವ ಕಂಬಿ ಮಾರುವವನೊಬ್ಬ ಬರುತ್ತಾನೆ. ಇಬ್ಬರು ಗೆಳೆಯರಿದ್ದಾರೆ, ವಿಲ್ ಮತ್ತು ಜಿಮ್. ಅಕ್ಕಪಕ್ಕದ ಮನೆ, ಎರಡು ನಿಮಿಷದ ಅಂತರದಲ್ಲಿ ಹುಟ್ಟಿದವರು, ಒಬ್ಬ ಅಕ್ಟೋಬರ್ 30ರ ಮಧ್ಯರಾತ್ರಿಗೆ ಒಂದು ನಿಮಿಷ ಮೊದಲು, ಇನ್ನೊಬ್ಬ ಒಂದು ನಿಮಿಷ ಕಳೆದು. ನಿಮ್ಮಲ್ಲೊಬ್ಬರ ಮನೆಗೆ ಸಿಡಿಲು ಬೀಳುತ್ತದೆ ಅನ್ನುತ್ತಾನೆ ಕಂಬಿಯವನು. ನಾನು ಇದನ್ನು ಹೇಳುವಾಗ ಹೊರಗೆ ತುಲಾ ತಿಂಗಳ ಗುಡುಗು ಗುಡ್ಡದ ಆಚೆಯಿಂದ ಹೊರಡುತ್ತಿತ್ತು. ಕರೆಂಟೂ ಹೋಯಿತು. ನನಗಿಂತ ಚೆನ್ನಾಗಿ ಕತೆ ಹೇಳಿದ್ದು ಆ ಮಳೆಯೇ.

ಬೆಳಗಿನ ಜಾವ ಮೂರಕ್ಕೆ ರೈಲಿನಲ್ಲಿ ಒಂದು ಕಾರ್ನಿವಲ್ ಬರುತ್ತದೆ. ಜಾತ್ರೆಯ ಸಂತೆ, ಸರ್ಕಸ್ ಎರಡೂ ಸೇರಿದ ಹಾಗೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಒಂದು ಕುದುರೆ ತೊಟ್ಟಿಲು. ಮುಂದಕ್ಕೆ ತಿರುಗಿದರೆ ಸುತ್ತಿಗೊಂದು ವರ್ಷ ಪ್ರಾಯ ಏರುತ್ತದೆ, ಹಿಂದಕ್ಕೆ ತಿರುಗಿದರೆ ಇಳಿಯುತ್ತದೆ. ಜಿಮ್‌ಗೆ ಬೇಗ ದೊಡ್ಡವನಾಗುವ ಆಸೆ. ವಿಲ್‌ನ ಅಪ್ಪ ಚಾರ್ಲ್ಸ್‌ಗೆ ಐವತ್ತನಾಲ್ಕು, ಊರಿನ ಗ್ರಂಥಾಲಯ ಗುಡಿಸುವವನು. ತಡವಾಗಿ ಅಪ್ಪನಾದೆ, ಮಗನ ಜೊತೆ ಓಡಲಿಕ್ಕೆ ಆಗುವುದಿಲ್ಲ ಅನ್ನುವುದೇ ಅವನ ಕೊರಗು. ಜನರಿಗೆ ಏನು ಕೊರತೆಯೋ ಅದನ್ನೇ ತೋರಿಸಿ ಕರೆಯುವುದು ಕಾರ್ನಿವಲ್‌ನ ಯಜಮಾನ ಡಾರ್ಕ್‌ನ ಕಸುಬು. ರಕ್ತ ಇಲ್ಲ.

ರಕ್ತ ಇಲ್ಲದ್ದೇ ಕೆಲವರಿಗೆ ಬೇಸರ. “ಭಯ ಎಲ್ಲಿ ಬರುವುದು ಹೇಳಿ” ಅಂತ ಸೊಸೈಟಿಯಲ್ಲಿ ಕೆಲಸ ಮಾಡುವ ಯುವಕ ಕೇಳಿದ. ಕನ್ನಡದ ಮಾಸ್ಟ್ರೊಬ್ಬರು ಎರಡು ಪುಟ ನೋಡಿ, ಇವನಿಗೆ ಉಪಮೆಯ ರೋಗ, ಎಲೆ ಬಿದ್ದದ್ದು ಹೇಳಲಿಕ್ಕೆ ಅರ್ಧ ಪುಟ ಬೇಕು ಅಂದರು. ಅದು ನಿಜ. ಹೊರಗಿನ ಓದುಗರೂ ಬಹಳ ಮಂದಿ ಇದೇ ದೂರು ಹೇಳಿದ್ದಾರೆ, ಅದನ್ನೇ ಹೊಗಳಿದವರೂ ಇದ್ದಾರೆ. ನನಗೆ ಕೆಲವು ಕಡೆ ತಲೆಚಿಟ್ಟು ಹಿಡಿಯಿತು.

ಕೊನೆಯ ಬಗ್ಗೆ ದೊಡ್ಡ ಚರ್ಚೆ. ಅಲ್ಲಿ ದುಷ್ಟಶಕ್ತಿಯನ್ನು ಸೋಲಿಸುವುದು ನಗು. ಮಾಟಗಾತಿಗೆ ಹೊಡೆಯುವ ಗುಂಡಿನ ಮೇಲೆ ಅಪ್ಪ ನಗುವಿನ ಗುರುತು ಕೊರೆಯುತ್ತಾನೆ. ತಮ್ಮ ಮನೆತನದಲ್ಲಿ ದೈವದ ಚಾಕರಿ ಇರುವ ಹಿರಿಯರೊಬ್ಬರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. “ನಾವು ಹೆದರುವುದು ನ್ಯಾಯ ಉಂಟು ಅಂತ. ತಪ್ಪು ಮಾಡಿದರೆ ಕೇಳ್ತದೆ, ಕೈಮುಗಿದರೆ ಅಭಯ ಕೊಡ್ತದೆ. ಇದು ಬರೇ ಆಸೆ ತೋರಿಸಿ ಮೋಸ ಮಾಡುವುದು. ಇಂಥದ್ದಕ್ಕೆ ಹೆದರುವುದೂ ಬೇಡ, ನಗುವುದೂ ಬೇಡ, ಹೋಗದಿದ್ದರೆ ಆಯ್ತು” ಅಂದರು.

ಆಗ ಮಾತಾಡಿದ್ದು ನಿವೃತ್ತರಾದ ಟೀಚರ್. ಅವರು ಸಾಮಾನ್ಯವಾಗಿ ಕೊನೆಯ ಬೆಂಚಿನಲ್ಲಿ ಕೂತು ಕೇಳಿ ಹೋಗುವವರು. ಕತೆಯಲ್ಲಿ ಮಿಸ್ ಫೋಲಿ ಅಂತ ಒಬ್ಬಳು ಟೀಚರ್ ಬರುತ್ತಾಳೆ, ಐವತ್ತರ ಆಸುಪಾಸಿನವಳು, ಏಳನೇ ತರಗತಿಯವಳು. ಪ್ರಾಯ ವಾಪಸು ಸಿಗುತ್ತದೆ ಅನ್ನುವ ಆಸೆಗೆ ಬಿದ್ದು ಸಣ್ಣ ಹುಡುಗಿಯಾಗಿಬಿಡುತ್ತಾಳೆ. ಮರದ ಕೆಳಗೆ ಕೂತು ಅಳುತ್ತಾಳೆ. ನಾನು ಟೀಚರ್ ಅಂತ ಯಾರಿಗೆ ಹೇಳುವುದು, ಯಾರು ನಂಬುವುದು? ಗುರುತು ಹಿಡಿದದ್ದು ಅವಳ ಶಿಷ್ಯರಿಬ್ಬರು ಮಾತ್ರ, ಅವರಿಗೂ ಅವಳನ್ನು ಉಳಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ನಾನು ಇದನ್ನು ಎರಡೇ ವಾಕ್ಯದಲ್ಲಿ ಹೇಳಿ ದಾಟಿದ್ದೆ.

“ಅದನ್ನು ಇನ್ನೊಮ್ಮೆ ಹೇಳಿ” ಅಂದರು ಟೀಚರ್. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನಾದರೆ ಹತ್ತುತ್ತಿದ್ದೆ” ಅಂದರು. “ಮಕ್ಕಳು ಗಲ್ಫಿನಲ್ಲಿ. ಶಾಲೆಯಲ್ಲಿ ಕನ್ನಡ ಡಿವಿಜನ್‌ಗೆ ಮಕ್ಕಳೇ ಇಲ್ಲ. ಈಗಲೂ ನನ್ನ ಗುರುತು ಹಿಡಿಯುವವರು ಎಷ್ಟು ಮಂದಿ? ಹತ್ತಿದರೆ ಹೋಗುವುದಾದರೂ ಏನು?”

ಯಾರೂ ಮಾತಾಡಲಿಲ್ಲ. ಸೊಸೈಟಿಯ ಯುವಕ ಅವರ ಹಳೇ ಶಿಷ್ಯ. ಅವನು ಎದ್ದು ಹೋಗಿ ಕಿಟಕಿ ಹಾಕಿ ಬಂದ, ಮಳೆ ನೀರು ಒಳಗೆ ಬೀಳುತ್ತಿತ್ತು. “ಟೀಚರ್, ಪೆನ್ಷನ್ ಹೋಗ್ತದೆ” ಅಂದ. ಎಲ್ಲರೂ ನಕ್ಕರು, ಟೀಚರೂ ನಕ್ಕರು. ನಗು ಒಂದು ಆಯುಧ ಅಂತ ಬ್ರಾಡ್‌ಬರಿ ಬರೆದದ್ದು ಸುಳ್ಳಲ್ಲ ಅಂತ ನನಗೆ ಅನ್ನಿಸಿತು, ಆದರೆ ಕಾದಂಬರಿಯಲ್ಲಿ ಗೆದ್ದಷ್ಟು ಸಲೀಸಾಗಿ ಅದು ಇಲ್ಲಿ ಗೆಲ್ಲಲಿಲ್ಲ. ನಕ್ಕ ಮೇಲೆ ಟೀಚರ್ ಮತ್ತೆ ಕನ್ನಡಕ ತೆಗೆದು ಒರೆಸಿದರು.

ಮಗ ಬಂದು ಬಾಗಿಲ ಹತ್ತಿರ ನಿಂತಿದ್ದನ್ನು ನಾನು ನೋಡಿರಲಿಲ್ಲ. ಕೊಡೆ ತಂದಿದ್ದ. ಅವನು ಈ ವಾಚನಾಲಯದ ಒಳಗೆ ಕಾಲಿಟ್ಟು ನಾಲ್ಕು ವರ್ಷವಾಗಿರಬೇಕು. ದಾರಿಯಲ್ಲಿ ಟಾರ್ಚ್ ಹಿಡಿದು ಮುಂದೆ ನಡೆಯುತ್ತಿದ್ದವನು, “ಏಣಿಯದ್ದು ಯಾಕೆ ಬಿಟ್ಟದ್ದು ಅಪ್ಪ?” ಅಂತ ಕೇಳಿದ.

ಅದು ಬಿಟ್ಟದ್ದು ಹೌದು. ವಿಲ್‌ನ ಕೋಣೆಯ ಕಿಟಕಿಗೆ ಹೊರಗಿನಿಂದ ಹತ್ತಲಿಕ್ಕೆ ಗೋಡೆಯಲ್ಲಿ ಕಬ್ಬಿಣದ ಮೆಟ್ಟಿಲುಗಳಿವೆ. ಒಂದು ರಾತ್ರಿ ಅಪ್ಪ ಮಗ ಹೊರಗೆ ಕೂತು ಮಾತಾಡಿದ ಮೇಲೆ ಅಪ್ಪನೂ ಆ ದಾರಿಯಲ್ಲೇ ಹತ್ತುತ್ತಾನೆ. ಏದುಸಿರು ಬರುತ್ತದೆ, ಆದರೂ ಹತ್ತುತ್ತಾನೆ. ಪುಸ್ತಕದಲ್ಲಿ ನಾನು ಎರಡು ಸಲ ಓದಿದ್ದು ಅದೊಂದೇ. ಇವನು ಹುಟ್ಟುವಾಗ ನನಗೆ ನಲವತ್ತೆರಡು. ಶಾಲೆಯ ಗೇಟಿನಲ್ಲಿ ಒಬ್ಬರು “ಮೊಮ್ಮಗನಾ?” ಅಂತ ಕೇಳಿದ ಮೇಲೆ ಮೀಟಿಂಗಿಗೆಲ್ಲ ಅವನ ಅಮ್ಮನನ್ನೇ ಕಳಿಸುತ್ತಿದ್ದೆ. ಅಷ್ಟು ಜನರ ಎದುರು ಆ ಏಣಿಯ ಕತೆ ಹೇಳಲಿಕ್ಕೆ ನನ್ನ ಗಂಟಲಿಗೆ ಧೈರ್ಯ ಇರಲಿಲ್ಲ.

“ಹೊತ್ತಾಯ್ತಲ್ಲ, ಅದಕ್ಕೆ” ಅಂದೆ.

ನಮ್ಮ ಮನೆಗೆ ಮುರಕಲ್ಲಿನ ನಲವತ್ತು ಮೆಟ್ಟಿಲು. ಅವನು ಯಾವತ್ತೂ ಎರಡೆರಡು ಹಾರಿ ಹೋಗುವವನು. ಅವತ್ತು ಟಾರ್ಚ್ ನನ್ನ ಕಾಲಬುಡಕ್ಕೆ ಹಿಡಿದು ಒಂದೊಂದೇ ಹತ್ತಿದ. ಮೇಲೆ ಬಂದ ಮೇಲೆ, “ಸೋಮವಾರ ಶಾಲೆಯಲ್ಲಿ ಮೀಟಿಂಗ್ ಉಂಟು. ನೀವೇ ಬನ್ನಿ” ಅಂದ.

“ಅಜ್ಜ ಅಂತ ಹೇಳಿದರೆ?”

“ಹೇಳ್ತಾರೆ” ಅಂದ ಅವನು, ಕೊಡೆ ಕೊಡವುತ್ತಾ.