ಜೋಡಿ ಪುಸ್ತಕಗಳ ಕಪಾಟು

ಐತಿಹಾಸಿಕ ಕಾದಂಬರಿಯ ಮೋಹ ಒಮ್ಮೆ ಹತ್ತಿತೆಂದರೆ ಸುಲಭವಾಗಿ ಬಿಡುವಂಥದ್ದಲ್ಲ. ದೊಡ್ಡನೆಕ್ಕುಂದಿಯ ನನ್ನ ಕೋಣೆಯಲ್ಲಿ ಒಂದು ಕಪಾಟು ತುಂಬಿ, ಎರಡನೆಯದೂ ತುಂಬಿ, ಈಗ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಗಳು ಸೇರಿಕೊಂಡಿವೆ. ಧರ್ಮಗುರುಗಳಿಗೆ ವರ್ಗಾವಣೆ ತಪ್ಪಿದ್ದಲ್ಲ. ನನ್ನ ಬಟ್ಟೆಬರೆಗೆ ಒಂದು ಪೆಟ್ಟಿಗೆ ಸಾಕು. ಪುಸ್ತಕಗಳಿಗೆ ಟೆಂಪೋ ಬೇಕು.

ಈ ಭಾರವನ್ನು ನಮಗಿಂತ ಮೊದಲು ಹೊತ್ತವರು ಗಳಗನಾಥರು (1869–1942). ವಿಜಯನಗರದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾವಿಲಾಸ’ವನ್ನು ಬರೆದ ಆ ಹಿರಿಯರು, ಕನ್ನಡ ಓದುವವರೇ ವಿರಳವಾಗಿದ್ದ ಕಾಲದಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು. ಇಂದು ಮೊಬೈಲಿನ ಮೇಲೆ ಬೆರಳಾಡಿಸಿದರೆ ಪುಸ್ತಕ ಮನೆಬಾಗಿಲಿಗೆ ಬರುತ್ತದೆ. ಆದರೂ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಕೈಯಾಡಿಸುವ ಸುಖವೇ ಬೇರೆ.

ಈ ಬಗೆಯ ಕಾದಂಬರಿಯಲ್ಲಿ ಒಂದು ವಿಚಿತ್ರವಿದೆ: ಕೊನೆ ನಮಗೆ ಮೊದಲೇ ಗೊತ್ತು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು. ತ.ರಾ.ಸು. ಅವರು ‘ದುರ್ಗಾಸ್ತಮಾನ’ ಎಂದು ಹೆಸರಿಟ್ಟು ಹೊದಿಕೆಯ ಮೇಲೆಯೇ ಅದನ್ನು ಹೇಳಿಬಿಟ್ಟಿದ್ದಾರೆ. ಹೀಗಿದ್ದೂ, ಮದಕರಿನಾಯಕ ಈ ಸಲವಾದರೂ ಉಳಿದಾನೇನೋ ಎಂಬ ಆಸೆ ಪ್ರತಿ ಓದಿನಲ್ಲೂ ಹುಟ್ಟುತ್ತದೆ. ತ.ರಾ.ಸು. 1984ರಲ್ಲಿ ತೀರಿಕೊಂಡರು, ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ.

ನಮ್ಮ ಧರ್ಮಕೇಂದ್ರದ ಯುವಕನೊಬ್ಬ, ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವವನು, ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ನನ್ನಿಂದ ಕೊಂಡೊಯ್ದಿದ್ದ. ಹಿಂದಿರುಗಿಸುವಾಗ, “ಫಾದರ್, ಆ ರಾಜ ನಿಜವಾಗಿಯೂ ಅಷ್ಟು ಕೆಟ್ಟವನಾಗಿದ್ದನೇ?” ಎಂದು ಕೇಳಿದ. ಇದು ಹಗುರವಾದ ಪ್ರಶ್ನೆಯಲ್ಲ. 1956ರಲ್ಲಿ ಪ್ರಕಟವಾದ ಆ ಕಾದಂಬರಿಗಾಗಿ ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಕೊಡಗಿನ ಕೊನೆಯ ರಾಜನೆಂದರೆ ಕನ್ನಡಿಗರ ಮನಸ್ಸಿಗೆ ಬರುವ ರೂಪ ಮಾಸ್ತಿಯವರು ಕೊಟ್ಟದ್ದೇ. ಆದರೆ ಅವನು ರಕ್ತಮಾಂಸಗಳಿದ್ದ ಮನುಷ್ಯ. 1834ರಲ್ಲಿ ಆಂಗ್ಲರು ಅವನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. ಅವನ ಕ್ರೌರ್ಯದ ಬಗ್ಗೆ ನಮಗೆ ದೊರೆಯುವ ಬರಹಗಳಲ್ಲಿ ಬಹಳಷ್ಟು, ಅವನ ರಾಜ್ಯವನ್ನು ಕಿತ್ತುಕೊಂಡ ಪಕ್ಷದವರೇ ಬರೆದವು. ಅವನು ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಸಾಕ್ಷಿ ಯಾರೆಂಬುದನ್ನು ನೋಡಬೇಕೆನ್ನುತ್ತೇನೆ.

1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ. ಅಲ್ಲಿ ಆ ಬಾಲೆಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿ. ತಂದೆ ಮಾತ್ರ ಕಂಪನಿಯ ಕೈಸೇರಿದ್ದ ತನ್ನ ಹಣಕ್ಕಾಗಿ ವ್ಯಾಜ್ಯ ನಡೆಸುತ್ತ 1859ರಲ್ಲಿ ಲಂಡನ್ನಿನಲ್ಲಿ ಕಣ್ಮುಚ್ಚಿದ. ಸತ್ತವರು ಕಾದಂಬರಿಕಾರನಿಗೆ ಪ್ರತ್ಯುತ್ತರ ಬರೆಯಲಾರರು. ಆ ಯುವಕನ ಕೈಗೆ ನಾನು ಡಿ.ಎನ್. ಕೃಷ್ಣಯ್ಯನವರ ‘ಕೊಡಗಿನ ಇತಿಹಾಸ’ವನ್ನು ಕೊಟ್ಟೆ.

ನನ್ನ ಕಪಾಟಿನ ಕ್ರಮವೇ ಇದು. ‘ದುರ್ಗಾಸ್ತಮಾನ’ದ ಮಗ್ಗುಲಲ್ಲಿ ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳಯಗಾರರು’ ನಿಂತಿದೆ. ವ್ಯಾಯಾಮಪಟು ಕೆ.ವಿ. ಅಯ್ಯರ್ ಅವರ ‘ರೂಪದರ್ಶಿ’ಯ ಪಕ್ಕದಲ್ಲಿ ಇಟಲಿಯ ಚಿತ್ರಕಲೆಯ ಚರಿತ್ರೆಯಿದೆ. ಕ್ರಿಸ್ತನ ಮುಖಕ್ಕೆ ಮಾದರಿಯಾದವನೇ ವರ್ಷಗಳ ಬಳಿಕ ಯೂದನ ಮುಖಕ್ಕೂ ಮಾದರಿಯಾದನೆಂಬ ಕಥೆಯನ್ನು ನೀವು ಪ್ರಬೋಧನೆಗಳಲ್ಲಿ ಕೇಳಿರಬಹುದು. ಅಯ್ಯರ್ ಅದನ್ನು ಮೈಕೆಲೆಂಜೆಲೊನ ಸುತ್ತ ಹೆಣೆದರು. ಪ್ರಬೋಧಕರು ಸಾಮಾನ್ಯವಾಗಿ ಲಿಯೊನಾರ್ಡೊನ ‘ಕಡೆಯ ಭೋಜನ’ಕ್ಕೆ ಜೋಡಿಸುತ್ತಾರೆ. ಲಿಯೊನಾರ್ಡೊ ಆ ಚಿತ್ರವನ್ನು ಸುಮಾರು 1495ರಿಂದ 1498ರೊಳಗೆ ಮುಗಿಸಿದ. ಒಬ್ಬ ಸುಕುಮಾರ ಯುವಕ ಹಾಳಾಗಿ ಮುಪ್ಪಾಗುವಷ್ಟು ಅವಧಿ ಅಲ್ಲಿಲ್ಲ. ಕಾದಂಬರಿಯಾಗಿ ‘ರೂಪದರ್ಶಿ’ ಇಂದಿಗೂ ಕಣ್ಣು ತೇವಗೊಳಿಸುತ್ತದೆ. ಚರಿತ್ರೆಯೆಂದು ಪೀಠದಿಂದ ಸಾರುವುದು ಬೇರೆ ಮಾತು.

ಇನ್ನು ಕೆಲವೆಡೆ ಚರಿತ್ರೆಯಿದ್ದರೂ ಕಥೆಯಿಲ್ಲ. ನಮ್ಮೂರಿನಿಂದ ಬಸ್ಸು ಹಿಡಿದು ಹೋಗಬಹುದಾದ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು 890ರ ವೀರಗಲ್ಲೊಂದಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಮಡಿದನೆಂದು ಅದು ತಿಳಿಸುತ್ತದೆ. ಅವನ ವಯಸ್ಸೆಷ್ಟು, ತಾಯಿ ಯಾರು, ಸುದ್ದಿ ತಂದವರು ಯಾರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಅಂಥಲ್ಲಿ ಕಾದಂಬರಿಕಾರ ಬೇಕೆನಿಸುತ್ತದೆ.

ಭಾನುವಾರ ಪೂಜೆಯ ನಂತರ ಕಪಾಟಿನ ಬಾಗಿಲು ತೆರೆದಿರುತ್ತದೆ. ಮಕ್ಕಳನ್ನೂ ಕರೆತನ್ನಿ. ಆದರೆ ಕೈಚೀಲ ದೊಡ್ಡದಿರಲಿ. ಜೋಡಿಯನ್ನು ಅಗಲಿಸಿ ಒಂದನ್ನೇ ಕೊಡುವ ರೂಢಿ ನನ್ನಲ್ಲಿಲ್ಲ.